ಕೈ ಎಂದರೆ ಹ್ಯಾಂಡೋ, ಆರ್ಮೋ?

ಪ್ರಶ್ನೆ: ಮಗಳು ನಾಲ್ಕನೇ ತರಗತಿ. ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಬಾಯಿಪಾಠವಾಗಿದೆ. ವಾಕ್ಯದಲ್ಲಿ ಬಳಸುವಾಗ ಮಾತ್ರ ತಪ್ಪುತ್ತಾಳೆ. ನಿಘಂಟಿನ ವಿವರಣೆ ಅವಳಿಗೆ ಇನ್ನೂ ಕಷ್ಟ. ಸರಳವಾಗಿ ಹೇಳಿಕೊಡುವುದು ಹೇಗೆ?

ಉತ್ತರ: ಅವಳು ಕಲಿತ ಅರ್ಥ ತಪ್ಪಲ್ಲ, ಅರ್ಧ ಅಷ್ಟೆ. ನಮಗೆ ಭುಜದಿಂದ ಬೆರಳ ತುದಿಯವರೆಗೂ ಕೈಯೇ. ಇಂಗ್ಲಿಷಿನಲ್ಲಿ ಮಣಿಕಟ್ಟಿನವರೆಗೆ ಆರ್ಮ್, ಅಲ್ಲಿಂದಾಚೆ ಹ್ಯಾಂಡ್. ಕಾಲೂ ಹಾಗೆಯೇ: ಪಾದ ಫುಟ್, ಅದರ ಮೇಲಿನದು ಲೆಗ್. ಮಕ್ಕಳು ಕಾಲ್ಬೆರಳನ್ನೂ ಫಿಂಗರ್ ಎನ್ನುವುದು ಈ ಕಾರಣಕ್ಕೇ, ಅದು ಟೋ. ಇಂಥ ಪದಗಳಿಗೆ ಕನ್ನಡದ ಒಂದು ಪದ ಸಾಲದು, ಗಡಿ ತೋರಿಸಬೇಕು. ಮಣಿಕಟ್ಟಿಗೆ ಒಂದು ದಾರ ಕಟ್ಟಿ, ಆಚೆ ಈಚೆ ಮುಟ್ಟಿಸಿ ಹೇಳಿಸಿ.

ವಸ್ತುಗಳಿಗೆ ಮೊದಲು ಗುಂಪು, ಆಮೇಲೆ ವ್ಯತ್ಯಾಸ. ಸ್ಟೂಲ್ ಅನ್ನು ‘ಕೂರುವ ವಸ್ತು’ ಎಂದು ನಿಲ್ಲಿಸಿದರೆ ಕುರ್ಚಿ, ಬೆಂಚು, ಸೋಫಾ ಎಲ್ಲವೂ ಒಳಗೆ ಬರುತ್ತವೆ. ‘ನಾಲ್ಕು ಕಾಲಿನದು’ ಎಂದು ಸೇರಿಸಿದರೆ ಮೂರು ಕಾಲಿನ ಸ್ಟೂಲ್ ಹೊರಗುಳಿಯುತ್ತದೆ. ‘ಒಬ್ಬರು ಕೂರುವಂಥದ್ದು, ಒರಗಲು ಬೆನ್ನಿಲ್ಲ, ಕೈಯಿಡಲು ತೋಳಿಲ್ಲ’ ಎಂದರೆ ಸರಿಹೋಗುತ್ತದೆ.

ವಿವರಣೆಯ ಪದಗಳು ವಿವರಿಸುವ ಪದಕ್ಕಿಂತ ಸುಲಭವಾಗಿರಲೇಬೇಕು. ಮೈಕೆಲ್ ವೆಸ್ಟ್ ಮತ್ತು ಜೇಮ್ಸ್ ಎಂಡಿಕಾಟ್ 1935ರ ತಮ್ಮ ನಿಘಂಟಿನಲ್ಲಿ ಕೇವಲ 1,490 ಪದಗಳನ್ನು ಬಳಸಿ ಸುಮಾರು 24,000 ಪದ, ನುಡಿಗಟ್ಟುಗಳಿಗೆ ಅರ್ಥ ಬರೆದರು. ಮನೆಯಲ್ಲಿ ಮಗಳಿಗೆ ಚೆನ್ನಾಗಿ ಗೊತ್ತಿರುವ ಪದಗಳದೇ ಒಂದು ಪಟ್ಟಿ ಇಟ್ಟುಕೊಳ್ಳಿ, ಅದರಾಚೆ ಹೋಗಬೇಡಿ.

ಕ್ರಿಯಾಪದಗಳನ್ನು ಬಿಡಿಯಾಗಿ ಹೇಳಿಕೊಟ್ಟರೆ ಕೆಡುತ್ತದೆ. ಬಾರೋ, ಲೆಂಡ್ ಎರಡಕ್ಕೂ ‘ಎರವಲು’ ಎಂದು ಕಲಿತ ಮಗು ಎರಡನ್ನೂ ಅದಲುಬದಲು ಮಾಡುತ್ತದೆ. ‘ನೀನು ಪೆನ್ಸಿಲ್ ಬಾರೋ ಮಾಡಿದರೆ ಅದು ನಿನ್ನ ಹತ್ತಿರ ಬರುತ್ತದೆ, ಆಮೇಲೆ ಹಿಂದಿರುಗಿಸಬೇಕು. ಲೆಂಡ್ ಮಾಡಿದರೆ ನಿನ್ನಿಂದ ಹೋಗುತ್ತದೆ, ಆಮೇಲೆ ವಾಪಸ್ ಬರಬೇಕು’ ಎಂದು ಇಡೀ ವಾಕ್ಯದಲ್ಲೇ ಹೇಳಿ. ಹಿಂದಿರುಗಿಸುವ ಮಾತು ಬಿಟ್ಟರೆ ಬಾರೋ ಬರೀ ಟೇಕ್ ಆಗಿಬಿಡುತ್ತದೆ. ನಮ್ಮ ‘ನೋಡು’ ಕೂಡ ಮೂರಾಗಿ ಒಡೆಯುತ್ತದೆ: ಕಣ್ಣಿಗೆ ಬಿದ್ದರೆ ಸೀ, ಬೇಕೆಂದೇ ಕಣ್ಣು ತಿರುಗಿಸಿದರೆ ಲುಕ್, ನಡೆಯುತ್ತಿರುವುದನ್ನು ಗಮನವಿಟ್ಟು ನೋಡುತ್ತಿದ್ದರೆ ವಾಚ್.

ಪರೀಕ್ಷೆಗೆ ಪದವನ್ನು ಮುಚ್ಚಿಟ್ಟು ವಿವರಣೆ ಮಾತ್ರ ಓದಿ. ಮಗಳು ಬೇರೆ ಪದ ಹೇಳಿದರೆ ತಿದ್ದಬೇಕಾದದ್ದು ಅವಳನ್ನಲ್ಲ, ವಿವರಣೆಯನ್ನು.

ಪ್ರಶ್ನೆ: ‘ಎ’, ‘ದ’ ಇವಕ್ಕೆ ಏನು ಅರ್ಥ ಹೇಳಲಿ?

ಉತ್ತರ: ಅರ್ಥ ಹೇಳಹೋಗಬೇಡಿ, ಬಳಕೆ ತೋರಿಸಿ. ಕಥೆಯಲ್ಲಿ ನಾಯಿ ಮೊದಲ ಸಲ ಬಂದಾಗ ‘ಎ ಡಾಗ್’. ಮುಂದಿನ ಸಾಲಿನಲ್ಲಿ ಯಾವ ನಾಯಿ ಎಂದು ಗೊತ್ತಾಗಿರುತ್ತದೆ, ಆಗ ‘ದ ಡಾಗ್’.