ಬಾಗಿದ ಬ್ಲಾಕನ್ನು ಇಸ್ತ್ರಿಯಲ್ಲಿ ಎಳೀಬೇಡಿ

ಅಕ್ಕಾ, ಕೌದಿಗೆ ಪಟ್ಟಿ ಜೋಡಿಸಿ ಹೊಲಿದ ಬ್ಲಾಕು (ಚೌಕ ತುಂಡು) ಯಾಕೆ ಬಾಗಿತು, ಒಂದು ಬದಿ ಯಾಕೆ ಗಿಡ್ಡ ಬಂತು ಅಂತ ಕೇಳಿದ್ದೀರಲ್ಲ, ನೀವು ಹಾಕಿದ ಎರಡನೇ ಫೋಟೊ ನೋಡಿದ ಕೂಡಲೇ ಗೊತ್ತಾಯ್ತು, ನಾನೂ ಮಾಡಿದ ತಪ್ಪೇ ಇದು. ಹನ್ನೆರಡು ಪಟ್ಟಿಗಳನ್ನೂ ಒಂದೇ ತುದಿಯಿಂದ ಹೊಲಿದಿದ್ದೀರಿ, ಬ್ಲಾಕು ಬಾಳೆಹಣ್ಣಿನ ಹಾಗೆ ಬಾಗಿದೆ. ಮೇಲಿನ ಉತ್ತರದಲ್ಲಿ ಯಾರೋ ಇಸ್ತ್ರಿಯ ಸ್ಟೀಮ್ ಕೊಟ್ಟು ಎಳೀರಿ ಅಂದಿದ್ದಾರೆ. ದಯವಿಟ್ಟು ಬೇಡ. ಎಳೆದದ್ದು ಮೊದಲ ಒಗೆತಕ್ಕೇ ವಾಪಸ್ ಬರುತ್ತೆ, ಬರುವಾಗ ಪಕ್ಕದ ಬ್ಲಾಕನ್ನೂ ಸುಕ್ಕು ಮಾಡುತ್ತೆ.

ಮೆಷಿನ್ನಿನಲ್ಲಿ ಸೂಜಿಯ ಕೆಳಗಿರುವ ಹಲ್ಲು ಕೆಳಗಿನ ಪಟ್ಟಿಯನ್ನು ಎಳೆಯುತ್ತೆ, ಮೇಲಿನದನ್ನು ಬಟ್ಟೆ ಒತ್ತಿಹಿಡಿಯುವ ಪಾದ ತಡೆಯುತ್ತೆ. ಒಂದು ಹೊಲಿಗೆಯಲ್ಲಿ ಕಾಣೋದಿಲ್ಲ, ಹನ್ನೊಂದೂ ಒಂದೇ ದಿಕ್ಕಾದರೆ ಕೂಡುತ್ತಾ ಹೋಗುತ್ತೆ. ಒಂದು ಪಟ್ಟಿ ಮೇಲಿಂದ ಕೆಳಕ್ಕೆ, ಮುಂದಿನದು ಕೆಳಗಿಂದ ಮೇಲಕ್ಕೆ ಹೊಲಿಯಿರಿ. ಮುಗಿಸಿದ ತುದಿಗೆ ಚಾಕ್‌ನಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ನಾಲ್ಕನೇ ಪಟ್ಟಿಗೇ ಮರೆತುಹೋಗುತ್ತೆ.

ಒಂದು ಬದಿ ಮುಕ್ಕಾಲು ಇಂಚು ಗಿಡ್ಡ ಬಂದಿದ್ದು ಬೇರೆ ವಿಷಯ. ಒಂದೂವರೆ ಇಂಚಿನ ಪಟ್ಟಿಯಲ್ಲಿ ಎರಡೂ ಬದಿ ಕಾಲು ಇಂಚು ಹೊಲಿಗೆಗೆ ಹೋಗಿ ಒಂದಿಂಚು ಉಳಿಯಬೇಕು, ಹನ್ನೆರಡು ಪಟ್ಟಿಗೆ ಹನ್ನೆರಡಿಂಚು, ಎರಡು ಹೊರ ಅಂಚಿನ ಕಾಲು ಕಾಲು ಇಂಚು ಸೇರಿ ಬ್ಲಾಕು 12.5. ಹೊಲಿಗೆಯ ಒಂದು ತುದಿಯಲ್ಲಿ 1/32 ಇಂಚು ಹೆಚ್ಚು ಹಿಡಿದರೂ ಎರಡೂ ಪಟ್ಟಿಯಿಂದ ಸೇರಿ 1/16 ಹೋಗುತ್ತೆ, ಹನ್ನೊಂದು ಹೊಲಿಗೆಗೆ 11/16 ಹೋಯ್ತು. ಮೆಷಿನ್ ತಟ್ಟೆಗೆ ಸೂಜಿಯಿಂದ ಕಾಲು ಇಂಚಿಗೆ ಟೇಪ್ ಅಂಟಿಸಿ. ಪಟ್ಟಿಯನ್ನು ಅಳತೆ ಇಲ್ಲದೆ ಅಂದಾಜಿಗೆ ಕತ್ತರಿಸಿದರೂ ಹೊಲಿಗೆ ಅಳತೆಗೇ ಇರಬೇಕು!

ನನ್ನ ಮಟ್ಟಿಗೆ ಇದಕ್ಕೆಲ್ಲ ಒಂದೇ ಮದ್ದು, ಪಟ್ಟಿಗಳ ಅಡಿಗೆ ಇಟ್ಟು ಅದರ ಸಮೇತ ಹೊಲಿಯುವ ತಳಬಟ್ಟೆ. ಚೆನ್ನಾಗಿ ಒಗೆದು ಸವೆದ ಹಳೆ ಪಂಚೆ, 13.5 ಇಂಚಿನ ಚೌಕ. 12.5ಕ್ಕೇ ಕತ್ತರಿಸಬೇಡಿ, ಹೊಲಿಯುತ್ತಾ ಒಳಕ್ಕೆ ಎಳೆದುಕೊಳ್ಳುತ್ತೆ. ಮೊದಲ ಪಟ್ಟಿ ನಡುವೆ, ಮುಖ ಮೇಲೆ. ಎರಡನೆಯದು ಅದರ ಮೇಲೆ ಮುಖ ಮಗುಚಿ ಹೊಲಿದು, ಬಿಡಿಸಿ, ಇಸ್ತ್ರಿ ಒತ್ತಿ. ಒತ್ತಿ ಎತ್ತಬೇಕು, ಅಂಗಿಗೆ ಉಜ್ಜಿದ ಹಾಗೆ ಉಜ್ಜಬಾರದು. ಪಟ್ಟಿ ಒಂದು ತುದಿ ಒಂದಿಂಚು, ಇನ್ನೊಂದು ಎರಡಿಂಚು ಇದ್ದರೆ ಮುಂದಿನದನ್ನು ತಿರುಗಿಸಿ ಇಡಿ, ವಾಲಿಕೆ ಸರಿಹೋಗುತ್ತೆ. ಮುಕ್ಕಾಲು ಇಂಚಿಗಿಂತ ಸಣ್ಣದು ಬೇಡ, ಹೊಲಿದ ಮೇಲೆ ಕಾಲಿಂಚಷ್ಟೇ ಕಾಣುತ್ತೆ, ಅಡಿಯಲ್ಲಿ ಬಟ್ಟೆ ಗಂಟು ಕಟ್ಟುತ್ತೆ. ಕೊನೆಗೆ 12.5ಕ್ಕೆ ಕತ್ತರಿಸಿ, ಅಂಚಿನಿಂದ 1/8 ಒಳಗೆ ಸುತ್ತ ಒಂದು ಹೊಲಿಗೆ ಹಾಕಿ.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರ ಕೌದಿಯಲ್ಲೂ ತುಂಡುಗಳು ನೇರ ಹಳೆ ಸೀರೆಯ ಮೇಲೇ ಕೂರುತ್ತವೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ, ಸ್ಕೇಲ್ ಮುಟ್ಟೋದಿಲ್ಲ. ಎಳೆತವನ್ನು ತಳದ ಸೀರೆಯೇ ಹಿಡಿದುಕೊಳ್ಳುತ್ತೆ.

ತಳಬಟ್ಟೆ ಹಾಕಿದರೆ ಭಾರ ಜಾಸ್ತಿ, ಕೈಹೊಲಿಗೆಗೆ ಬೆರಳು ನೋಯುತ್ತೆ. ಹಾಗಾಗಿ ಒಳಗೆ ದಪ್ಪ ಹತ್ತಿ ಬೇಡ, ಒಂದು ಹಳೆ ಸೀರೆಯ ಪದರ ಸಾಕು. ಒಗೆಯದ ಹೊಸ ಬಟ್ಟೆ ತಳಕ್ಕೆ ಹಾಕಲೇಬೇಡಿ, ಕುಗ್ಗಿ ಮೇಲ್ಭಾಗವೆಲ್ಲ ಸುಕ್ಕಾಗುತ್ತೆ. ಸೂಜಿ 14ನೇ ನಂಬರ್. ಆರ್ಗನ್ ಕಂಪನಿಯ ಸೂಜಿ ಬಿಟ್ಟು ಬೇರೆಯದಕ್ಕೆ ಯಾಕೆ ಹೋಗ್ತೀರೋ. ಬಟ್ಟೆ ಕತ್ತರಿಸುವ ಚಕ್ರದ ಕಟರ್ ಆದರೆ ಓಲ್ಫಾ ಕಂಪನಿಯದು, ಬ್ಲೇಡ್ ಮೊಂಡಾದರೆ ಎಳೆ ಜಗ್ಗುತ್ತೆ, ಅಷ್ಟಕ್ಕೆ ಜಿಪುಣತನ ಬೇಡ.

ಫೋಟೊದಲ್ಲಿ ಖಣದ ತುಂಡು ಕಾಣ್ತಿದೆ. ಅದು ಎಳೆ ಬಿಡುತ್ತೆ, ಹೊಲಿಗೆಗೆ ಅರ್ಧ ಇಂಚು ಹಿಡಿಯಿರಿ. ಆ ಕೆಂಪು ತುಂಡನ್ನು ಬಿಳಿ ಬಟ್ಟೆಯ ಪಕ್ಕ ಇಡುವ ಮೊದಲು ಒದ್ದೆ ಮಾಡಿ, ಬಿಳಿ ಚಿಂದಿ ಇಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಆ ಕೆಂಪನ್ನು ಬಳಸಬೇಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅನ್ನೋದು ಬರೀ ಮಾತು.

ಈಗಿನ ಬ್ಲಾಕನ್ನು ಬಿಚ್ಚಬೇಡಿ. ಪಟ್ಟಿಗಳಿಗೆ ಅಡ್ಡವಾಗಿ ಮೂರು ತುಂಡು ಮಾಡಿ, ನಡುವಿನದನ್ನು ತಲೆಕೆಳಗು ತಿರುಗಿಸಿ, ಮಧ್ಯೆ ಒಂದೊಂದು ಇಂಚಿನ ಪಟ್ಟಿ ಕೂಡಿಸಿ. ಬಾಗು ಮೂರು ಕಡೆ ಹಂಚಿಹೋಗುತ್ತೆ. ಕತ್ತರಿಸುವ ಮುಂಚೆ ಹಿಂಭಾಗದ ಫೋಟೊ ಒಂದು ಹಾಕಿ, ಹೊಲಿಗೆ ಯಾವ ಕಡೆ ಮಡಚಿದ್ದೀರಿ ನೋಡಬೇಕು.