325ರಾಗ ಓಟ್ ಹಾಕಿ ಯೇಸುನ್ನ ದೇವರು ಮಾಡಿದ್ರು ಅಂತಾರಲ್ಲ, ಖರೇ ಏನ್ರಿ?

ನಿಮ್ಮ ಪ್ರಶ್ನೆ ನನಗ ತಿಳಿದಂಗ ಇಷ್ಟು: ಯೇಸು ಬರೇ ಒಬ್ಬ ಒಳ್ಳೆ ಗುರು, ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಾಗ ನೈಸಿಯಾ ಅನ್ನೋ ಊರಾಗ ಬಿಷಪ್‌ಗಳನ್ನ ಕೂಡಿಸಿ ಓಟ್ ಹಾಕಿಸಿ ಆತನ್ನ ದೇವರು ಮಾಡಿದ, ಮೂರು ದೇವರು ಸೇರಿ ಒಂದು ಅನ್ನೋ ಲೆಕ್ಕಾನೂ ಅವತ್ತೇ ಹುಟ್ಟಿತು ಅಂತ ಒಂದು ವಿಡಿಯೋದಾಗ ನೋಡಿದ್ರಿ, ಅದು ಖರೇನೋ ಸುಳ್ಳೋ ಅಂತ.

ಮೊದಲ ಹೇಳಿಬಿಡ್ತೀನ್ರಿ, ನಾನು ಅಯ್ಯನವರಲ್ಲ, ಥಿಯಾಲಜಿ ಓದಿದಂವನೂ ಅಲ್ಲ. ಗುಳೇದಗುಡ್ಡದಾಗ ಖಣ ನೇಯೋ ಮನಿತನ ನಮ್ದು. 1851ರಾಗ ಬಾಸೆಲ್ ಮಿಷನ್ನವರು ನಮ್ಮೂರಿಗೆ ಬಂದ್ರು, ಆಮ್ಯಾಲೆ ನಮ್ಮ ಹಿರ್ಯಾರು ಸಭೆಗೆ, ಅಂದ್ರ ಚರ್ಚಿಗೆ, ಸೇರಿದ್ರು. ನಾನೀಗ ಬಾಗಲಕೋಟಿ ನವನಗರದಾಗ ನೌಕರಿ ಮಾಡ್ತೀನಿ, ರವಿವಾರ ಊರಿಗೆ ಹೋಗಿ ಸಂಡೇ ಸ್ಕೂಲ್ ಕಲಿಸ್ತೀನಿ. ಮಕ್ಕಳು ಕೇಳೋ ಪ್ರಶ್ನೆಗೆ ಉತ್ತರ ಕೊಡಾಕ ಆಗದ ಓದಿಕೊಂಡಿದ್ದು ಇದೆಲ್ಲ.

ನೈಸಿಯಾದಾಗ ಸಭೆ ಕೂಡಿದ್ದು ಖರೇ. ಚಕ್ರವರ್ತಿ ಕರೆದಿದ್ದೂ ಖರೇ, ಅಲ್ಲಿ ಬರೆದ ವಿಶ್ವಾಸ ಪ್ರಮಾಣಕ್ಕ (ನಾವು ನಂಬೋದು ಇದು ಅನ್ನೋ ಹೇಳಿಕಿ) ಸಹಿ ಹಾಕದವರನ್ನ ಗಡಿಪಾರು ಮಾಡಿದ್ದೂ ಖರೇ, ಅದನ್ನ ಮುಚ್ಚಿಟ್ಟು ನಾ ಏನ್ ಮಾಡ್ಲಿ. ಆದ್ರ ಅಲ್ಲಿ ಜಗಳ ಏನಿತ್ತು ಅನ್ನೋದನ್ನ ವಿಡಿಯೋದವರು ಹೇಳಂಗಿಲ್ಲ. ಅಲೆಕ್ಸಾಂಡ್ರಿಯಾದ ಅರಿಯಸ್ ಅನ್ನೋ ಒಬ್ಬ ಪಾದ್ರಿ, ಮಗ, ಅಂದ್ರ ಯೇಸು, ಇಲ್ಲದ ಒಂದು ಹೊತ್ತು ಇತ್ತು, ದೇವರು ಎಲ್ಲಕ್ಕಿಂತ ಮೊದಲು ಮಗನ್ನ ಉಂಟುಮಾಡಿದ, ಆ ಮಗನಿಂದ ಉಳಿದ ಜಗತ್ತು ಮಾಡಿದ ಅಂತ ಕಲಸ್ತಿದ್ದ. ಇಲ್ಲಿ ಲಕ್ಷ್ಯ ಕೊಡ್ರಿ, ಅರಿಯಸ್‌ನೂ ಯೇಸು ಬರೇ ಗುರು ಅಂದಿಲ್ಲ. ಜಗತ್ತು ಹುಟ್ಟೋಕಿಂತ ಮೊದಲು ಇದ್ದಂವ ಅಂತ ಅವನೂ ಒಪ್ತಿದ್ದ, ಅವನ ಕಡಿಯವರೂ ಯೇಸುನ್ನ ಆರಾಧನೆ ಮಾಡ್ತಿದ್ರು. ಹಂಗಾರ ಈ 'ಬರೇ ಗುರು' ಪಾರ್ಟಿ ಆ ಸಭೆಯೊಳಗ ಇದ್ದಿದ್ದೇ ಇಲ್ಲ. ಇದ್ದಿದ್ದು ಒಂದೇ ಪ್ರಶ್ನೆ, ನಾವು ಯಾರಿಗೆ ಕೈ ಮುಗಿಯಾಕತ್ತೇವಿ, ಆತ ಸೃಷ್ಟಿ ಮಾಡಿದಂವನೋ, ಸೃಷ್ಟಿಯಾದಂವನೋ?

ಓಟಿನ ಮಾತು ಅಂದ್ರ, ಸುಮಾರು 300 ಬಿಷಪ್‌ಗಳು ಕೂಡಿದ್ರು (318 ಅಂತ ಸಂಪ್ರದಾಯ), ಮಗ ಸೃಷ್ಟಿಯಾದಂವ ಅಲ್ಲ ಅನ್ನೋ ಆ ಪ್ರಮಾಣಕ್ಕ ಕಡೀಕ ಸಹಿ ಹಾಕಾಕ ಒಲ್ಲೆ ಅಂದವರು ಲಿಬಿಯಾ ಕಡೆಯ ಇಬ್ಬರು, ಸೆಕುಂಡಸ್ ಮತ್ತ ಥಿಯೋನಸ್. ನಮ್ಮ ಸೊಸೈಟಿ ಎಲೆಕ್ಷನ್ನಾಗೂ ಇಷ್ಟು ಒನ್ ಸೈಡ್ ಆಗಂಗಿಲ್ಲ ಬಿಡ್ರಿ. ಬೈಬಲಿಗೆ ಯಾವ ಪುಸ್ತಕ ಸೇರಿಸಬೇಕು, ಯಾವದು ಬಿಡಬೇಕು ಅಂತ ಅಲ್ಲೇ ಆರಿಸಿದ್ರು ಅನ್ನೋದೂ ಒಂದು ಸುಳ್ಳು, ಆ ಸಭೆ ಮಾಡಿದ 20 ನಿಯಮದಾಗ ಅದರ ಸುದ್ದೇನೇ ಇಲ್ಲ. 2003ರಾಗ ಬಂದ ಒಂದು ಇಂಗ್ಲಿಷ್ ಕಾದಂಬರಿಯಿಂದ ಈ ಕತಿ ಮನಿಮನಿಗೆ ಮುಟ್ಟೈತಿ.

ಈಗ ನನಗ ಭಾಳ ಸೇರಿದ ಒಂದು ವಿಷಯ ಹೇಳ್ತೀನಿ. ನೈಸಿಯಾ ಇರೋದು ಈಗಿನ ಟರ್ಕಿಯೊಳಗ, ಅವಾಗ ಬಿಥಿನಿಯಾ ಅಂತಿದ್ರು ಆ ಸೀಮಿಗೆ. ಅದೇ ಸೀಮಿಗೆ ಹೆಚ್ಚುಕಮ್ಮಿ 112ರ ಸುಮಾರಿಗೆ ಪ್ಲಿನಿ ಅನ್ನೋ ರೋಮನ್ ಗವರ್ನರ್ ಇದ್ದ. ಅಂವ ಕ್ರೈಸ್ತ ಅಲ್ಲ, ಕ್ರೈಸ್ತರನ್ನ ಹಿಡಿದು ವಿಚಾರಣೆ ಮಾಡ್ತಿದ್ದಂವ. ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರದಾನ, ಈಗ್ಲೂ ಸಿಗ್ತೈತಿ ಓದ್ರಿ: ಈ ಮಂದಿ ಒಂದು ಗೊತ್ತಾದ ದಿನ ನಸುಕಿನ್ಯಾಗ ಎದ್ದು ಕೂಡ್ತಾರ, ಕ್ರಿಸ್ತನಿಗೆ ದೇವರಿಗೆ ಹಾಡಿದಂಗ ಹಾಡು ಹಾಡ್ತಾರ, ಕಳವು ಮಾಡಂಗಿಲ್ಲ ವಂಚನೆ ಮಾಡಂಗಿಲ್ಲ ಅಂತ ಆಣಿ ಮಾಡ್ತಾರ ಅಂತ. ಇದನ್ನ ಪಕ್ಕಾ ಮಾಡಿಕೊಳ್ಳಾಕ ಸಭೆಯೊಳಗ ಸೇವೆ ಮಾಡೋ ಇಬ್ಬರು ದಾಸಿ ಹೆಣ್ಣಮಕ್ಕಳಿಗೆ ಚಿತ್ರಹಿಂಸೆ ಕೊಡಿಸ್ಯಾನ, ಅದನ್ನೂ ತಾನ ಬರದಾನ. ಕಾನ್‌ಸ್ಟಂಟೈನ್ ಹುಟ್ಟೋಕಿಂತ ನೂರೈವತ್ತು ವರ್ಷ ಮೊದಲಿನ ಮಾತು ಇದು, ಅದೂ ವೈರಿ ಬರದಿದ್ದು.

ಇನ್ನೂ ಹಿಂದ ಹೋದ್ರ ಯೇಸುವಿನ ಸುದ್ದಿ ಸಾರಿದ ಪೌಲ ಫಿಲಿಪ್ಪಿ ಊರಿನವರಿಗೆ ಬರೆದ ಪತ್ರ ಬೈಬಲಿನ್ಯಾಗ ಐತಿ, ಯೇಸು ತೀರಿ ಸುಮಾರು 30 ವರ್ಷಕ್ಕ ಬರೆದಿದ್ದು. 2ನೇ ಅಧ್ಯಾಯದಾಗ ದೇವಸ್ವರೂಪದಾಗಿದ್ದಾತ ತನ್ನನ್ನ ಬರಿದು ಮಾಡಿಕೊಂಡು ದಾಸನ ರೂಪ ತೊಗೊಂಡ, ಎಲ್ಲಾರ ಮೊಣಕಾಲೂ ಆತನ ಹೆಸರಿಗೆ ಬಾಗತೈತಿ ಅಂತ ಬರ್ತೈತಿ. ಆ ಮೊಣಕಾಲಿನ ಮಾತು ಯೆಹೂದಿಗಳ ಶಾಸ್ತ್ರದೊಳಗಿನ ಯೆಶಾಯನ ಪುಸ್ತಕದಾಗ ಯೆಹೋವ ದೇವರು ತನಗಷ್ಟೇ ಇಟ್ಟುಕೊಂಡಿದ್ದು, ಪೌಲ ಅದನ್ನ ಎತ್ತಿ ಯೇಸುಗೆ ಹಚ್ಯಾನ, ಅದೂ ದೇವರು ಒಬ್ಬನೇ ಅಂತ ಹುಟ್ಟಿನಿಂದ ಹೇಳಿಕೊಂಡು ಬೆಳೆದ ಯೆಹೂದಿ. ಮಂದಿ ಮೊದಲು ಮೊಣಕಾಲೂರಿದ್ರು, ಅದನ್ನ ಹೇಳಾಕ ಸರಿಯಾದ ಶಬ್ದ ಹುಡುಕಾಕ 300 ವರ್ಷ ಹಿಡೀತು, ನನಗ ತಿಳಿದಿದ್ದು ಇಷ್ಟ.

ಚಕ್ರವರ್ತಿ ಜೋರ್ ಮಾಡಿದ್ದಕ್ಕ ಇದು ನಿಂತಿದ್ರ ಮುಂದೇನಾತು ನೋಡ್ರಿ. ಕೆಲವೇ ವರ್ಷಕ್ಕ ಕಾನ್‌ಸ್ಟಂಟೈನ್ ತಾನ ಅರಿಯಸ್‌ನ ವಾಪಸ್ ಕರಸಿದ. 337ರಾಗ ಸಾಯೋ ಹೊತ್ತಿಗೆ ದೀಕ್ಷಾಸ್ನಾನ ತೊಗೊಂಡಿದ್ದು ಅರಿಯಸ್ ಕಡೆಯ ಬಿಷಪ್ ಯುಸೇಬಿಯಸ್‌ನ ಕೈಲೆ. ಅವನ ಮಗ ಕಾನ್‌ಸ್ಟಾಂಟಿಯಸ್ಸಂತೂ ಪೂರಾ ಆ ಕಡಿಗೇ ಇದ್ದ. ನೈಸಿಯಾದ ಮಾತು ಬಿಡದ ಅಥನೇಸಿಯಸ್ ಬಿಷಪ್ಪನ್ನ ಐದು ಸಲ ಊರು ಬಿಡಿಸಿದ್ರು, ನಾಕು ಬ್ಯಾರೆ ಬ್ಯಾರೆ ಚಕ್ರವರ್ತಿಗಳು. ಸರಕಾರ ಹೇಳಿದ್ದ ನಿಲ್ಲೋದಾಗಿದ್ರ ಇವತ್ತು ನಾವೆಲ್ಲ ಅರಿಯಸ್‌ನ ಮಂದಿ ಆಗಿರಬೇಕಿತ್ತು.

ಇನ್ನ ಮೂರು ದೇವರ ವಿಷಯ. ಇದರಾಗ ತಪ್ಪು ನಮ್ದೂ ಐತ್ರಿ, ನಾವು ಕಲಿಸೋದೇ ಹಂಗ. ನಾನೂ ಒಂದ್ಸಲ ಸಂಡೇ ಸ್ಕೂಲಿನ್ಯಾಗ ನೀರು, ಬರ್ಫ, ಉಗಿ ಮೂರೂ ಒಂದೇ ಅಲ್ಲೇನ್ರೋ, ದೇವರೂ ಹಂಗ ಅಂತ ಬೋರ್ಡ್ ಮ್ಯಾಲೆ ಚಿತ್ರ ತಗದು ದೊಡ್ಡ ಶ್ಯಾಣ್ಯಾನಂಗ ಹೇಳಿದೆ. ಆರನೇತ್ತೆ ಹುಡುಗಿ ಒಬ್ಬಾಕಿ ಕೈ ಎತ್ತಿ, "ಸರ್, ಹಂಗಾರ ಯೊರ್ದನ್ ಹೊಳ್ಯಾಗ ಯೇಸು ಸ್ವಾಮಿ ಸ್ನಾನ ಮಾಡುವಾಗ ಮ್ಯಾಲಿಂದ ಈತ ನನ್ನ ಮಗ ಅಂದವರು ಯಾರು, ಬರ್ಫ ಆಗಿದ್ದಾಗ ನೀರು ಹೆಂಗ ಮಾತಾಡ್ತೈತಿ?" ಅಂದ್ಲು. ಚಾಕ್‌ಪೀಸ್ ಕೈಯಾಗ ಹಿಡಕೊಂಡು ನಿಂತೆ, ಉತ್ತರ ಇರಲಿಲ್ಲ. ಒಬ್ಬನೇ ಮೂರು ವೇಷ ಹಾಕ್ತಾನ ಅನ್ನೋದನ್ನ ಸಬೆಲ್ಲಿಯಸ್ ಅಂತ ಒಬ್ಬಾಂವ ಮೂರನೇ ಶತಮಾನದಾಗ ಕಲಿಸಿ, ಅದು ತಪ್ಪು ಅಂತ ಸಭೆ ಅವನ್ನ ಹೊರಗ ಹಾಕಿತ್ತು ಅಂತ ಆಮ್ಯಾಲೆ ಓದಿ ಗೊತ್ತಾತು. ಬಿಲ್ವಪತ್ರಿ ತೋರಿಸಿ ಮೂರು ಎಸಳು ಒಂದು ಎಲಿ ಅಂತ ಹೇಳೋರೂ ಅದಾರ, ಒಂದು ಎಸಳು ಹರಿದ್ರ ಎರಡು ಉಳೀತಾವ, ದೇವರು ಮೂರು ತುಂಡು ಕೂಡಿಸಿ ಆದಂವ ಅಲ್ಲ. ಬ್ರಹ್ಮ ವಿಷ್ಣು ಮಹೇಶ್ವರ ಇದ್ದಂಗ ಏನು ಅಂತ ಆಫೀಸಿನ ಗೆಳ್ಯಾರು ಪ್ರೀತಿಲೆ ಕೇಳ್ತಾರ, ಅದೂ ಅಲ್ರಿ, ಒಬ್ಬರಿಗೆ ಹುಟ್ಟಿಸೋದು ಒಬ್ಬರಿಗೆ ಕಾಯೋದು ಅಂತ ಇಲ್ಲಿ ಕೆಲಸ ಹಂಚಿಲ್ಲ. ದೇವರು ಅನ್ನೋ ತತ್ವ ಒಂದೇ, ಅದು ತಂದೆಯೊಳಗೂ ಪೂರ್ತಿ, ಮಗನೊಳಗೂ ಪೂರ್ತಿ, ಪವಿತ್ರಾತ್ಮನೊಳಗೂ ಪೂರ್ತಿ, ಆದ್ರ ತಂದೆ ಮಗ ಅಲ್ಲ, ಮಗ ತಂದೆ ಅಲ್ಲ. ಇದಕ್ಕ ಉದಾಹರಣಿ ಕೊಡೋದು ನಾ ಬಿಟ್ಟೀನಿ.

ನಮ್ಮ ಓಣಿ ಮುಸ್ಲಿಂ ಹಿರ್ಯಾರೊಬ್ಬರು ದೇವರಿಗೆ ಹೆಂಡ್ತಿ ಇಲ್ಲ, ಮಗ ಹೆಂಗ ಅಂತ ಕೇಳಿದ್ರು. ಚಾಚಾ, ಹಂಗ ಹುಟ್ಟಿದ ಮಗ ಅಂತ ನಾವೂ ಅನ್ನಂಗಿಲ್ಲ, ಅಂದ್ರ ಅದು ನಮಗೂ ಪಾಪಾನ ಅಂದೆ. ನೈಸಿಯಾದವರು ಹೇಳಿದ್ದು ಹುಟ್ಟಿದಾತ, ಮಾಡಲ್ಪಟ್ಟಾತ ಅಲ್ಲ ಅಂತ. ಮನಿ ಕಟ್ಟೋದು ಬ್ಯಾರೆ, ಮಗನ್ನ ಹಡಿಯೋದು ಬ್ಯಾರೆ ಅಂತ ಅಥನೇಸಿಯಸ್ ಬರದಾನ. ನಮ್ಮಪ್ಪ ಖಣ ನೇಯ್ದ, ಖಣ ನಮ್ಮಪ್ಪನ ಜಾತಿ ಅಲ್ಲ, ನಾನು ಅಂವನಂಗ ಮನುಷ್ಯ. ನಮ್ಮಲ್ಲಿ ಅಪ್ಪ ಮೊದಲು ಮಗ ಹಿಂದ, ದೇವರಲ್ಲಿ ಆ ಹಿಂದ ಮುಂದ ಇಲ್ಲ. (ಅಯ್ಯ, ಮತ್ತ ಉದಾಹರಣಿ ಕೊಟ್ಟೆ ನೋಡ್ರಿ.)

ಯೆಹೋವನ ಸಾಕ್ಷಿಗಳು (ಯೇಸು ತಂದೆಗೆ ಸಮ ಅಲ್ಲ ಅನ್ನೋ ಒಂದು ಪಂಗಡ) ಮನಿಗೆ ಬಂದ್ರ ಯೋಹಾನ 1:1 ತೋರಿಸ್ತಾರ, ಗ್ರೀಕಿನ್ಯಾಗ ದೇವರು ಶಬ್ದದ ಮುಂದ 'ದಿ' (ಇಂಗ್ಲಿಷಿನ the ಇದ್ದಂಗ) ಅನ್ನೋ ಶಬ್ದ ಇಲ್ಲ, ಅದಕ್ಕ ಅಲ್ಲಿ 'ವಾಕ್ಯ' ಅಂತ ಕರೆದಿರೋ ಯೇಸು 'ಒಬ್ಬ ದೇವರು' ಅಷ್ಟ ಅಂತ. ಚಹಾ ಕೊಡ್ರಿ, ಕೊಟ್ಟು ಅದೇ ಅಧ್ಯಾಯದ 6ನೇ ವಚನ ತಗಸ್ರಿ. ಅಲ್ಲೂ 'ದಿ' ಇಲ್ಲ, ಆದ್ರ ಅಲ್ಲಿ ಅವರ ಬೈಬಲಿನ್ಯಾಗೂ ದೇವರು ಅಂತಾನ ಐತಿ, 'ಒಬ್ಬ' ಇಲ್ಲ.

ಆ ಬರ್ಫದ ಹುಡುಗಿ ಈಗ ಬೆಳಗಾವಿಯೊಳಗ ನರ್ಸಿಂಗ್ ಓದಾಕತ್ಯಾಳ. ಮೊನ್ನೆ ಫೋನ್ ಮಾಡಿ ಸರ್, 325ರ ವಿಶ್ವಾಸ ಪ್ರಮಾಣದಾಗ ಪವಿತ್ರಾತ್ಮನ ಬಗ್ಗೆ ಬರೇ 'ಪವಿತ್ರಾತ್ಮನನ್ನೂ ನಂಬುತ್ತೇವೆ' ಅಂತ ಹೇಳಿ ಮುಗಿಸ್ಯಾರಲ್ಲ ಯಾಕ ಅಂದ್ಲು. ಅದಕ್ಕ 381ರ ಕಾನ್‌ಸ್ಟಾಂಟಿನೋಪಲ್ ಸಭೆ ತನಕ ಹೋಗಬೇಕು, ಡ್ಯೂಟಿ ಮುಗಿದ ಮ್ಯಾಲೆ ಫೋನ್ ಮಾಡವಾ ಅಂದೀನಿ.