ಓದುಗರ ಪ್ರಶ್ನೆ: ಪರವೂರಿನಲ್ಲಿ ಊಟ

ಪ್ರಶ್ನೆ: ಪ್ರವಾಸ ಹೋದಲ್ಲೆಲ್ಲ ‘ಸಾಂಪ್ರದಾಯಿಕ ಊಟ’ ಎಂಬ ಫಲಕ ಕಾಣಿಸುತ್ತದೆ. ಒಳಗೆ ಹೋದರೆ ಎಲ್ಲ ಕಡೆಯೂ ಒಂದೇ ರುಚಿ. ಅಲ್ಲಿನವರು ನಿಜವಾಗಿ ಉಣ್ಣುವುದು ಎಲ್ಲಿ ಸಿಗುತ್ತದೆ?

ಉತ್ತರ: ಆ ಫಲಕ ಬರೆಸಿರುವುದೇ ನಿಮಗಾಗಿ, ಊರಿನವರಿಗೆ ಅದರ ಅಗತ್ಯವಿಲ್ಲ. ನಾನು ಎಲ್ಲಿಗೆ ಹೋದರೂ ಹೋಟೆಲ್ ಹುಡುಕುವ ಮೊದಲು ಬೆಳಗಿನ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕುತ್ತೇನೆ. ಕೊಳ್ಳುವುದೇನೂ ಇಲ್ಲ. ಯಾವ ಸೊಪ್ಪು ರಾಶಿ ಬಿದ್ದಿದೆ, ಯಾವ ಮೀನು ಅಗ್ಗವಾಗಿದೆ, ವಯಸ್ಸಾದ ಹೆಂಗಸರು ಯಾರ ಮುಂದೆ ಚೌಕಾಸಿಗೆ ನಿಂತಿದ್ದಾರೆ ಎಂದು ನೋಡುತ್ತೇನೆ, ಅಷ್ಟೇ. ಮಧ್ಯಾಹ್ನ ಊಟಕ್ಕೆ ಕುಳಿತಾಗ, ಬೆಳಗ್ಗೆ ಕಂಡದ್ದು ತಿನಿಸುಗಳ ಪಟ್ಟಿಯಲ್ಲಿದ್ದರೆ ಅರ್ಧ ಪರೀಕ್ಷೆ ಪಾಸಾದಂತೆ. ನೂರೆಂಟು ತಿನಿಸುಗಳು, ಅದೂ ನಾಲ್ಕೈದು ಭಾಷೆಗಳಲ್ಲಿ, ಫೋಟೊ ಸಮೇತ ಇದ್ದರೆ ಎದ್ದು ಬರುತ್ತೇನೆ. ಅಷ್ಟನ್ನೂ ದಿನದಿನ ಹೊಸದಾಗಿ ಬೇಯಿಸುವ ಅಡುಗೆಮನೆ ಇಲ್ಲ; ಅದು ಫ್ರೀಜರ್‌ನ ಕೈಚಳಕ.

‘ಇಲ್ಲಿನ ವಿಶೇಷವೇನು?’ ಎಂದು ಮಾತ್ರ ಕೇಳಬೇಡಿ, ಬಾಯಿಪಾಠ ಒಪ್ಪಿಸುತ್ತಾರೆ. ‘ಇವತ್ತು ಏನು ಬಂದಿದೆ?’ ಎಂದು ಕೇಳಿ. ಉತ್ತರ ಗೊತ್ತಿಲ್ಲದೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದರೂ ಶುಭಸೂಚನೆಯೇ.

ಕೆಲವು ದೇಶಗಳಲ್ಲಿ ಇಷ್ಟು ಪತ್ತೇದಾರಿಕೆ ಬೇಕಿಲ್ಲ. ಇಟಲಿಯಲ್ಲಿ ರೈತರೇ ಹೊಲದ ಮನೆಯಲ್ಲಿ ಉಳಿಸಿಕೊಂಡು ಬಡಿಸುವ ‘ಅಗ್ರಿಟುರಿಸ್ಮೊ’ಗೆ 1985ರಲ್ಲೇ ಕಾನೂನು ಬಂತು. ಬಡಿಸುವುದರಲ್ಲಿ ಸ್ವಂತ ಬೆಳೆಯ ಗಣನೀಯ ಪಾಲು ಇರಬೇಕೆಂಬ ನಿಯಮವೂ ಉಂಟು. ಜಪಾನಿನಲ್ಲಿ ಪ್ರಯಾಣಿಕರು ದಣಿವಾರಿಸಿಕೊಂಡು ಸುತ್ತಲಿನ ಬೆಳೆಯನ್ನೂ ಕೊಳ್ಳಬಹುದಾದ ರಸ್ತೆ ಬದಿಯ ‘ಮಿಚಿ ನೊ ಎಕಿ’ ನಿಲ್ದಾಣಗಳು 1993ರಲ್ಲಿ ಶುರುವಾಗಿ ಈಗ 1,200 ದಾಟಿವೆ. ಹಲವೆಡೆ ತರಕಾರಿ ಪೊಟ್ಟಣದ ಮೇಲೆ ಬೆಳೆದವರ ಹೆಸರೇ ಇರುತ್ತದೆ.

ಪ್ರಶ್ನೆ: ಪೊಟ್ಟಣಗಳ ಮೇಲಿನ ಮುದ್ರೆಗಳನ್ನು ನಂಬಬಹುದೇ?

ಉತ್ತರ: ನಂಬಿ, ಆದರೆ ಓದಲು ಕಲಿತು ನಂಬಿ. ಯುರೋಪಿನ ಕೆಂಪು–ಹಳದಿ ಮುದ್ರೆ ಇದ್ದರೆ ಆ ಪದಾರ್ಥದ ತಯಾರಿಯ ಎಲ್ಲ ಹಂತಗಳೂ ಆ ಪ್ರದೇಶದಲ್ಲೇ ನಡೆದಿವೆ ಎಂದರ್ಥ. ನೀಲಿ–ಹಳದಿಯದಕ್ಕೆ ಒಂದು ಹಂತ ನಡೆದರೂ ಸಾಕು. ಕಚ್ಚಾವಸ್ತು ಬೇರೆಡೆಯಿಂದ ಬಂದಿರಬಹುದು. ಫ್ರಾನ್ಸಿನ ಹೋಟೆಲುಗಳಲ್ಲಿ 2014ರಿಂದ ಕಾಣುವ, ಮನೆಯ ಚಾವಣಿ ಹೊತ್ತ ಪಾತ್ರೆಯ ಚಿತ್ರವು ಅಡುಗೆ ಅಲ್ಲೇ ಆಯಿತು ಎಂದಷ್ಟೇ ಹೇಳುತ್ತದೆ. ತರಕಾರಿ ಎಲ್ಲಿಯದು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಪ್ರಶ್ನೆ: ಸ್ಥಳೀಯವಾದದ್ದನ್ನು, ಸಾಂಪ್ರದಾಯಿಕವಾದದ್ದನ್ನು ತಿಂದರೆ ಪರಿಸರಕ್ಕೂ ಒಳ್ಳೆಯದಲ್ಲವೇ?

ಉತ್ತರ: ಎಲ್ಲರೂ ಹಾಗೆಂದುಕೊಂಡು ನೆಮ್ಮದಿಯಾಗಿದ್ದಾರೆ. 119 ದೇಶಗಳ ಹೊಲಗಳ ಮಾಹಿತಿ ಜಾಲಾಡಿದ 2018ರ ಅಧ್ಯಯನವೊಂದರ ಪ್ರಕಾರ, ಆಹಾರದಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಸಾಗಣೆಯ ಪಾಲು ಶೇ 10ಕ್ಕಿಂತಲೂ ಕಡಿಮೆ. ಏನನ್ನು, ಹೇಗೆ ಬೆಳೆದರು ಎಂಬುದೇ ದೊಡ್ಡ ಲೆಕ್ಕ. ಕೊರೆಯುವ ಚಳಿಯಲ್ಲಿ ಗಾಜಿನ ಮನೆಗೆ ಶಾಖ ಕೊಟ್ಟು ಪಕ್ಕದ ಬೀದಿಯಲ್ಲೇ ಬೆಳೆದ ಟೊಮೆಟೊಗಿಂತ, ಬಿಸಿಲಿನ ನಾಡಿನಿಂದ ಲಾರಿಯಲ್ಲಿ ಬಂದದ್ದು ಎಷ್ಟೋ ಸಲ ವಾಸಿ. (ವಿಮಾನದಲ್ಲಿ ಬಂದದ್ದರ ಕಥೆ ಬೇರೆ.) ಹಾಗಾಗಿ ದೂರಕ್ಕಿಂತ ಋತುಮಾನವನ್ನು ಮೊದಲು ವಿಚಾರಿಸಿ.

ಸಂಪ್ರದಾಯದ ಕಥೆ ಇನ್ನೂ ತೊಡಕಿನದು. ಯುರೋಪಿನ ಹಾವುಮೀನು ಹಲವು ಊರುಗಳ ಹಳೆಯ ಅಡುಗೆ. ಆದರೆ ಆ ಮೀನೇ ಅಳಿವಿನ ಅಂಚಿನಲ್ಲಿದೆ. ನಾನು ತಿನ್ನುವುದಿಲ್ಲ, ಆತಿಥೇಯರು ಮುಖ ಸಿಂಡರಿಸಿದರೂ ಸರಿಯೇ. ಜನ ಬೆಳೆಸುವ ತಳಿಗಳದ್ದು ಇದಕ್ಕೆ ತದ್ವಿರುದ್ಧ: ತಿನ್ನುವವರಿಲ್ಲದಿದ್ದರೆ ಬೆಳೆಯುವವರೂ ಇರುವುದಿಲ್ಲ. ಇಟಲಿಯ ಸ್ಲೋ ಫುಡ್ ಚಳವಳಿಯವರು ಮರೆಯಾಗುತ್ತಿರುವ ಇಂಥ ತಳಿ, ತಿನಿಸುಗಳನ್ನು ‘ಆರ್ಕ್ ಆಫ್ ಟೇಸ್ಟ್’ ಎಂಬ ಪಟ್ಟಿಗೆ 1996ರಿಂದ ಸೇರಿಸುತ್ತ ಬಂದಿದ್ದಾರೆ. ಅಂತರ್ಜಾಲದಲ್ಲಿ ದೇಶವಾರು ಸಿಗುತ್ತದೆ. ಹೊರಡುವ ಮುನ್ನ ಎರಡು ಮೂರು ಹೆಸರು ಬರೆದುಕೊಂಡು ಮಾರುಕಟ್ಟೆಯಲ್ಲಿ ವಿಚಾರಿಸಿ. ಮಾತು ಬೆಳೆಯುತ್ತದೆ, ಕೆಲವೊಮ್ಮೆ ಊಟವೂ ಗಿಟ್ಟುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಜನ ಕೊಡುವ ನಕ್ಷತ್ರಗಳು ಪ್ರಯೋಜನಕ್ಕೆ ಬರುತ್ತವೆಯೇ?

ಉತ್ತರ: ನಕ್ಷತ್ರಗಳು ಬೇಡ, ದೂರುಗಳನ್ನು ಓದಿ. ಅದೂ ಆ ಊರಿನ ಭಾಷೆಯಲ್ಲಿ ಬರೆದವನ್ನು; ಅನುವಾದಿಸಲು ಅದೇ ಮೊಬೈಲ್ ಇದೆಯಲ್ಲ. ‘ಒಂದು ಗಂಟೆಗೆಲ್ಲ ಖಾಲಿ, ಕೇಳಿದ್ದು ಸಿಗಲಿಲ್ಲ’ ಎಂದು ಯಾರಾದರೂ ಗೊಣಗಿದ್ದರೆ, ನೀವು ಹನ್ನೆರಡಕ್ಕೇ ಹೋಗಿ ಕುಳಿತುಕೊಳ್ಳಿ.